ಎರವಲು ಕೊಟ್ಟ ಎದೆ

ಗಂಗಾವತಿ ಬಸ್ ನಿಲ್ದಾಣದ ಎದುರು ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಕಳೆದ ತಿಂಗಳು ನೆಂಟರ ಮದುವೆ ಮುಗಿಸಿಕೊಂಡು ಕೊಪ್ಪಳದ ಬಸ್ಸಿಗೆ ಕಾಯುತ್ತ ಅಲ್ಲಿ ನಿಂತಿದ್ದೆವು. ಗಾಡಿಯವನು ಕಾದ ಬಾಣಲೆಗೆ ಬಾಟಲಿಯಿಂದ ವಿನೆಗರ್ ಚಿಮುಕಿಸಿದ. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡಿತು. ಪಕ್ಕದಲ್ಲಿದ್ದ ಹೆಂಡತಿ "ಏನ್ರಿ ಅದು, ಹೊಸಾ ಅಂಗಿಗೆ!" ಎಂದು ಗದರಿಸಿದಳು. ಕೈಯಲ್ಲಿ ಏನೂ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಇದೇ ಊರಿನ ಹಳೆಯ ಗೋದಾಮೊಂದರ ಹಿಂಭಾಗದಲ್ಲಿ, ನಮ್ಮ ಡಾರ್ಕ್ ರೂಮಿನಲ್ಲಿ, ಫಿಲ್ಮು ತೊಳೆಯುವ ದ್ರಾವಣಕ್ಕೆ ಇದೇ ವಾಸನೆಯಿತ್ತು. ಫಿಲ್ಮು ಎತ್ತಿ ನೋಡುವ ಮೊದಲು ಬೆರಳು ಒರೆಸಿಕೊಳ್ಳುತ್ತಿದ್ದೆ. ಕೈಗೆ ಅದು ಇನ್ನೂ ನೆನಪಿದೆ.

ಅದು ಎಪ್ಪತ್ತರ ದಶಕದ ಕೊನೆ. ನಾನು ಎಕ್ಸ್-ರೇ ಕೆಲಸ ಕಲಿತು ಬಂದ ಹೊಸಬ. ಸರಕಾರಿ ನೌಕರಿ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಒಂದು ವರ್ಷ ತಪ್ಪಿಲ್ಲದೆ ಕಳೆದರೆ ಕಾಯಂ, ಇಲ್ಲದಿದ್ದರೆ ವಾಪಸ್ಸು ಬೇವೂರು. ನಮ್ಮ ಬೇವೂರಿನಲ್ಲಿ ಜೋಳದ ಹೊಲದ ನಡುವೆ ನಿಂತರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಗಂಗಾವತಿ ಕಡೆಗೆ ಬಂದರೆ ಎಲ್ಲಿ ನೋಡಿದರೂ ಕಾಲುವೆ, ಬದು, ನೀರು ನಿಂತ ಗದ್ದೆ. ದಾರಿ ಬಿಟ್ಟು ಹತ್ತು ಹೆಜ್ಜೆ ನಡೆಯುವ ಹಾಗಿರಲಿಲ್ಲ. ಜನ ಅದನ್ನು ಸಿರಿ ಎನ್ನುತ್ತಿದ್ದರು, ನಿಜವೂ ಹೌದು. ನನಗೆ ಮಾತ್ರ ಕಾಲು ಕಟ್ಟಿದ ಹಾಗೆ ಆಗುತ್ತಿತ್ತು.

ನನ್ನ ಕೆಲಸ ಒಂದು ನೀಲಿ ಗಾಡಿಯಲ್ಲಿ. ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿದ ತಗಡಿನ ಗಾಡಿ, ಒಳಗೆ ಎಕ್ಸ್-ರೇ ಯಂತ್ರ, ಹೊರಗೆ ಗುಡುಗುವ ಜನರೇಟರ್. ಊರೂರಿಗೆ ಹೋಗಿ ಜನರ ಎದೆಯ ಚಿಕ್ಕ ಚಿಕ್ಕ ಚಿತ್ರ ತೆಗೆದು ಟಿಬಿ ಹುಡುಕುವುದು. ಜನ ಅದಕ್ಕೆ 'ಎದಿ ಫೋಟೋ ಗಾಡಿ' ಎನ್ನುತ್ತಿದ್ದರು, ನನಗೆ 'ಫೋಟೋ ಸರ'. ದಿನವಿಡೀ ನಾನು ಆಡುತ್ತಿದ್ದ ಮಾತು ಇಷ್ಟೇ: "ಅಂಗಿ ತಗೀರಿ. ಗದ್ದ ಇಲ್ಲಿಡ್ರಿ. ಭುಜ ಮುಂದ ಮಾಡ್ರಿ. ಉಸಿರು ಎಳೀರಿ. ಹಿಡೀರಿ." ಗುಂಡಿ ಒತ್ತುತ್ತಿದ್ದೆ, ಯಂತ್ರ ಕಟಕ್ಕೆನ್ನುತ್ತಿತ್ತು. "ಬಿಡ್ರಿ."

ಫೋಟೋಕ್ಕೆ ಮೊದಲು ಪ್ರತಿಯೊಬ್ಬರಿಗೂ ಒಂದು ಕಾರ್ಡು. ವಯಸ್ಸು, ಕೆಲಸ, ಕೆಮ್ಮು ಎಷ್ಟು ವಾರದಿಂದ, ಕಫದಲ್ಲಿ ರಕ್ತ ಬರುತ್ತದೆಯೇ, ತೂಕ ಇಳಿದಿದೆಯೇ, ಬೀಡಿ ಎಷ್ಟು. ಕಾರ್ಡು ಬರೆಯಲು ಬೇರೆ ಒಬ್ಬ ಇರಬೇಕಿತ್ತು. ಆ ಹುದ್ದೆ ಖಾಲಿ ಇದ್ದದ್ದರಿಂದ ಬರೆಯುವವನೂ ನಾನೇ, ಗುಂಡಿ ಒತ್ತುವವನೂ ನಾನೇ. ನಮ್ಮ ಡಾಕ್ಟರ್ ಸಾಹೇಬರು ವಾರಕ್ಕೆ ಎರಡು ದಿನ ಕೊಪ್ಪಳದಿಂದ ಬಂದು ಭೂತಗನ್ನಡಿ ಹಿಡಿದು ಫಿಲ್ಮು ಓದುತ್ತಿದ್ದರು. ಅವರ ಎದುರಿಗೆ ಕಾರ್ಡು ಬರುತ್ತಿತ್ತು, ಪ್ಲೇಟು, ಅಂದರೆ ಆ ಫಿಲ್ಮು, ಬರುತ್ತಿತ್ತು. ಆ ಎರಡರ ನಡುವಿನ ಮನುಷ್ಯನನ್ನು ನೋಡಿದವನು ನಾನೊಬ್ಬನೇ. ಈ ಮಾತು ಮುಂದೆ ಬೇಕಾಗುತ್ತದೆ.

ಭತ್ತದ ಸುಗ್ಗಿ ಮುಗಿಯುವ ಹೊತ್ತಿಗೆ, ಚಳಿಗಾಲದಲ್ಲಿ, ಸಿದ್ದಾಪುರದ ಒಂದು ಅಕ್ಕಿ ಗಿರಣಿಯ ಅಂಗಳಕ್ಕೆ ನಮ್ಮ ಗಾಡಿ ಹೋಯಿತು. ಗಿರಣಿಯ ಸಾವ್ಕಾರರೇ ಕರೆಸಿದ್ದು. ಅವರ ಹಮಾಲರ ತಂಡಕ್ಕೆ ಗಿರಣಿಯ ಹಿಂದೆ ತಗಡಿನ ಖೋಲಿಗಳ ಒಂದು ಸಾಲು ಇತ್ತು. ಗಿರಣಿಯ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ ಖೋಲಿ. ಹೆಸರು ಹೋದರೆ ಖೋಲಿಯೂ ಹೋಗುತ್ತದೆ. ಸಾವ್ಕಾರರು ಕೆಟ್ಟವರೇನಲ್ಲ. ಆದರೆ ಗಾಡಿಯ ಮುಂದೆಯೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಫೋಟೋದಾಗ ಬ್ಯಾನಿ ಬಂತಂದ್ರ ಖೋಲಿ ಬಿಡಬೇಕಾಗತೈತಿ ನೋಡ್ರಪಾ. ಉಳದವರ ಜೀವಾನೂ ನೋಡಬೇಕಲ್ಲ ನಾನು." ಇಷ್ಟು ಹೇಳಿ ಗಂಗಾವತಿಯ ಮನೆಗೆ ಹೋದರು. ಅವರು ಗಿರಣಿಗೆ ಬರುವುದು ಅಪರೂಪ, ನೋಡುವುದು ಪುಸ್ತಕವನ್ನಷ್ಟೇ.

ಆ ಬೆಳಿಗ್ಗೆ ಹನ್ನೊಂದನೇ ಚೀಟಿ ಹಿಡಿದು ಬಂದವನು ಯಮನೂರಪ್ಪ. ನಲವತ್ತೆಂಟರ ಆಸುಪಾಸು. ಮೆಟ್ಟಿಲು ಹತ್ತಿದರೆ ಗಾಡಿಯೇ ಒಂದು ಕಡೆ ವಾಲುತ್ತಿತ್ತು, ಅಂಥ ಆಳು. ಸೊಂಟದಲ್ಲಿ ಚೀಲದ ಕೊಕ್ಕೆ, ಕಿವಿಯ ಮೇಲೆ ಬೀಡಿ. ಎಡಗಡೆಯ ಕೊರಳೆಲುಬಿನ ಮೇಲೆ ಒಂದು ಗಂಟು. ಒಮ್ಮೆ ಚೀಲದ ನಿಟ್ಟು ಮೈಮೇಲೆ ಕುಸಿದು ಎಲುಬು ಮುರಿದು, ಹೇಗೆಂದರೆ ಹಾಗೆ ಕೂಡಿಕೊಂಡದ್ದು.

"ಕೆಮ್ಮು?"

"ಇಲ್ರಿ."

"ಬೀಡಿ?"

"ದಿನಕ್ಕ ಎರಡು ಕಟ್ಟು. ಹದಿನಾಲ್ಕನೇ ವರ್ಷಕ್ಕ ಹಿಡದದ್ದು, ಇನ್ನೂ ಬಿಟ್ಟಿಲ್ಲ. ಹೆಂಡ್ತಿನ್ನ ಒಂದು ದಿನ ಬಿಟ್ಟಿರಬಹುದು ನೋಡ್ರಿ, ಬೀಡಿ ಬಿಟ್ಟಿರಾಕ ಆಗಂಗಿಲ್ಲ."

ಹೊರಗೆ ಕಣದಲ್ಲಿ ಬೇಯಿಸಿದ ಭತ್ತವನ್ನು ಕಾಲಿನಿಂದ ಹರವುತ್ತಿದ್ದ ಅವನ ಹೆಂಡತಿ ದುರುಗಮ್ಮ ಅಲ್ಲಿಂದಲೇ "ಬಿಟ್ಟು ನೋಡ್ಲಿ!" ಎಂದು ಕೂಗಿದಳು. ಎಲ್ಲರೂ ನಕ್ಕರು.

ಭುಜ ಮುಂದೆ ಮಾಡು ಎಂದರೆ ಹಮಾಲರಿಗೆ ಬರುವುದಿಲ್ಲ. ಚೀಲ ಹೊತ್ತು ಹೊತ್ತು ಅವರ ಭುಜ ಮೇಲಕ್ಕೆ ಏರಿ ನಿಂತಿರುತ್ತದೆ. ಎರಡು ಸಲ ತಿದ್ದಿ, ಸಾಕು ಎಂದು ಗುಂಡಿ ಒತ್ತಿದೆ. ಹಿಂದೆ ಉದ್ದ ಸಾಲು ಇತ್ತು. ನಂತರ ಯಾರೋ ಬಾಗಿಲಲ್ಲಿ ಏನೋ ಕೇಳಿದರು, ನಾನು ಅತ್ತ ತಿರುಗಿದೆ. ಮತ್ತೆ ಈಚೆ ನೋಡಿದರೆ ಯಮನೂರಪ್ಪ ಗದ್ದವನ್ನು ಹಲಗೆಯ ಮೇಲೆ ಇಟ್ಟು, ಮುಖ ಕೆಂಪಾಗಿ ಹಾಗೇ ನಿಂತಿದ್ದಾನೆ.

"ಬಿಡ್ರಿ, ಬಿಡ್ರಿ!" ಎಂದೆ ಗಾಬರಿಯಾಗಿ.

ಭುಸ್ಸೆಂದು ಉಸಿರು ಬಿಟ್ಟ. "ನೀವು ಬಿಡು ಅನ್ಲಿಲ್ಲಲ್ರಿ," ಎಂದ.

ಮಧ್ಯಾಹ್ನ ಮೂವತ್ತೆಂಟನೇ ಚೀಟಿ ಬಂತು. ಚೀಟಿಯ ಮೇಲೆ ಹುಲುಗಪ್ಪ ಎಂದಿತ್ತು. ಆ ಹುಲುಗಪ್ಪನನ್ನು ನಾನು ಬೆಳಿಗ್ಗೆಯಿಂದ ನೋಡುತ್ತಲೇ ಇದ್ದೆ. ಕಡ್ಡಿಯಂಥ ಮನುಷ್ಯ, ಯಮನೂರಪ್ಪನ ಪಕ್ಕದ ಖೋಲಿಯವನು. ಕೆಮ್ಮು ಬಂದಾಗಲೆಲ್ಲ ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ಹೊಟ್ಟಿನ ರಾಶಿಯ ಹಿಂದೆ ಹೋಗುತ್ತಿದ್ದ. ಈಗ ಮೆಟ್ಟಿಲು ಹತ್ತಿದಾಗ ಗಾಡಿ ವಾಲಿತು. ಹುಲುಗಪ್ಪನ ವಲ್ಲಿಯನ್ನು ತಲೆಯ ಮೇಲಿಂದ ಕಿವಿಯವರೆಗೆ ಹೊದ್ದು ಬಂದವನು ಯಮನೂರಪ್ಪ.

"ನಿಮ್ದು ಮುಂಜಾನೆ ಆಗೇತಲ್ರಿ?" ಎಂದೆ.

ಅವನು ನಗುತ್ತ ದನಿ ತಗ್ಗಿಸಿದ. "ನನ್ನ ಎದಿ ಗಟ್ಟಿ ಐತ್ರಿ ಸರ. ಎರಡು ಸಲ ಹೊಡದ್ರ ಏನು ಸವೀತೈತಿ? ಅವಂಗ ಮೂರು ಹೆಣ್ಣುಮಕ್ಕಳ್ರಿ. ಖೋಲಿ ಹೋದ್ರ ಎಲ್ಲಿ ಕರಕೊಂಡು ಹೋಗ್ಯಾನು?"

ನಾನು ಹೊರಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ನಮ್ಮ ದೊಡ್ಡವ್ವನಿಗೆ ಟಿಬಿ ಬಂದಾಗ ಅವಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ತಾಟು ಬೇರೆ, ಚೆರಿಗೆ ಬೇರೆ. ಅವಳು ಅದೇ ಕೊಟ್ಟಿಗೆಯಲ್ಲಿ ಸತ್ತಳು. ಕೆಮ್ಮು ಮುಚ್ಚಿಡುವವರನ್ನು ಹಿಡಿದು ಕೊಡುವ ಎದೆಗಾರಿಕೆ ನನಗೆ ಯಾವತ್ತೂ ಬರಲಿಲ್ಲ. ಕಾರ್ಡು ಬರೆದೆ. ಹುಲುಗಪ್ಪ, ಮೂವತ್ತೈದು ವರ್ಷ. ಕೆಮ್ಮು ಇಲ್ಲ, ಬೀಡಿ ಇಲ್ಲ. ಎಲ್ಲಾ ಯಮನೂರಪ್ಪ ಬಾಯಿಪಾಠ ಮಾಡಿಕೊಂಡು ಬಂದದ್ದು. ಬೆಳಿಗ್ಗೆ ಒಮ್ಮೆ ನಿಂತು ರೂಢಿಯಾಗಿತ್ತು, ಈ ಸಲ ಭುಜವನ್ನು ಸರಿಯಾಗಿ ಮುಂದೆ ಮಾಡಿ ನಿಂತ.

ಎರಡು ದಿನದ ಮೇಲೆ ಡಾರ್ಕ್ ರೂಮಿನಲ್ಲಿ ಮೂವತ್ತೆಂಟನೆಯದನ್ನು ದ್ರಾವಣದಿಂದ ಎತ್ತಿ, ಬೆರಳು ಒರೆಸಿಕೊಂಡು, ಬೆಳಕಿಗೆ ಹಿಡಿದೆ. ಎಡ ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬಿನ ಗಂಟಿನ ಕೆಳಗೆ, ಹುಣಸೆ ಬೀಜದಷ್ಟು ಒಂದು ನೆರಳು. ಹನ್ನೊಂದನೆಯದನ್ನು ಹುಡುಕಿ ತೆಗೆದೆ. ಅದೇ ಗಂಟು. ಆದರೆ ಭುಜ ಹಿಂದಿದ್ದದ್ದರಿಂದ ಎಲುಬು ಸರಿಯಾಗಿ ಆ ಜಾಗದ ಮೇಲೆಯೇ ಬಂದಿತ್ತು. ಅಲ್ಲೊಂದು ನೆರಳಿದೆ ಎಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದರ ಒಂದು ಅಂಚು ಕಾಣುತ್ತಿತ್ತು. ಬೇರೆಯವರಿಗೆ ಅದು ಸ್ವಚ್ಛವಾದ ಎದೆ.

ಡಾಕ್ಟರರೂ ಹಾಗೇ ಓದಿದರು. ಹನ್ನೊಂದು ಸ್ವಚ್ಛ, ಮೂವತ್ತೆಂಟು ನೆರಳು. ಹುಲುಗಪ್ಪನಿಗೆ ಕರೆ ಹೋಯಿತು, ಕಫ ತೆಗೆದು ನೋಡಿದರು. ಪಾಪ, ಅವನಿಗೆ ನಿಜವಾಗಿಯೂ ಟಿಬಿ ಇತ್ತು. ಡಾಕ್ಟರರು ಖುಷಿಯಿಂದ ಮೇಜು ತಟ್ಟಿದರು. "ನೋಡು ಶರಣಪ್ಪ, ಈ ಮನುಷ್ಯಾ ಕೆಮ್ಮ ಇಲ್ಲ ಅಂತ ಬರಿಸ್ಯಾನ. ಪ್ಲೇಟು ಹಿಡೀತು, ಕಫ ಖರೆ ಮಾಡ್ತು. ಕೆಲಸ ಅಂದ್ರ ಹಿಂಗಿರಬೇಕು."

ಎಲ್ಲಾ ತಾಳೆಯಾಗಿತ್ತು. ರೋಗ ಇದ್ದವನಿಗೆ ಔಷಧ ಸಿಕ್ಕಿತ್ತು, ಪ್ಲೇಟಿಗೆ ಒಂದು ಕಾರಣ ಸಿಕ್ಕಿತ್ತು. ಆ ನೆರಳು ಮಾತ್ರ ಇನ್ನೊಬ್ಬನ ಎದೆಯಲ್ಲಿ ಕುಳಿತಿತ್ತು, ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಆಗಲೇ ಹೇಳಿದ್ದರೆ ಏನಾಗುತ್ತಿತ್ತು? ನನ್ನ ನೌಕರಿ ಹೋಗುತ್ತಿತ್ತು. ಯಮನೂರಪ್ಪನ ಹೆಸರೂ ಪುಸ್ತಕದಿಂದ ಹೋಗಿ ಅವನ ಖೋಲಿಯೂ ಖಾಲಿಯಾಗುತ್ತಿತ್ತು. ಅವತ್ತು ಇಷ್ಟನ್ನೇ ಯೋಚಿಸಿದೆ. ಅವನಿಗೂ ಟಿಬಿಯೇ ಇರಬೇಕು, ಅದೇನು ನಾಳೆಯೇ ಕೊಲ್ಲುವುದಿಲ್ಲ, ಮುಂದೆ ಉಪಾಯವಾಗಿ ಕರೆಸಿ ತೋರಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಕಾಲದಲ್ಲಿ ನಮ್ಮ ಕಣ್ಣಿಗೆ ಎದೆಯಲ್ಲಿ ಕಂಡದ್ದೆಲ್ಲ ಟಿಬಿಯೇ.

ಹುಲುಗಪ್ಪನ ಹೆಸರು ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾಲುವೆ ದಂಡೆಯ ಗುಡಿಸಲಿಗೆ ಹೋದ. ಮುಂದಿನ ವಾರ ನಮ್ಮ ಗಾಡಿ ಆ ದಾರಿಯಲ್ಲಿ ಹೋಗುವಾಗ ಯಮನೂರಪ್ಪ ಅಡ್ಡ ನಿಂತು ಕೈ ಮಾಡಿದ. ನಗು ಇರಲಿಲ್ಲ.

"ಸರ, ಒಂದು ಮಾತು. ನಿಂತಾಂವ ನಾನು. ಅವನ ಬ್ಯಾನಿ ಹ್ಯಾಂಗ ಕಾಣಸ್ತು?"

ನಾನು ಗಾಡಿಯಿಂದ ಕೆಳಗಿಳಿದೆ.

"ನಾವೆಲ್ಲಾ ಕುಂತು ವಿಚಾರ ಮಾಡಿದ್ವಿ. ಅವನ ವಲ್ಲಿ ಹೊದಕೊಂಡು ನಿಂತಿದ್ನೆಲ್ಲ, ಅದರಾಗಿಂದ ಬಂದಿರಬೇಕು ಅಂತಾರ ನಮ್ಮವರು. ಬಾಯಾಗ ತುರುಕ್ಕೋತಿದ್ದಲ್ರಿ ಅದನ್ನ. ಮಿಷಿನ್ ವಲ್ಲಿಯಾಗಿಂದೂ ಹಿಡೀತೈತೇನ್ರಿ?"

ನಿಜ ಹೇಳುವವನಿಗೆ ಬಾಗಿಲು ಇದಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. ಇಲ್ಲಪ್ಪ, ವಲ್ಲಿಯಲ್ಲ, ಅದು ನಿನ್ನದೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಜನರೇಟರಿನವನು ಪಕ್ಕದಲ್ಲಿದ್ದ, ತಂಡದ ಇಬ್ಬರು ಹಿಂದೆ ನಿಂತಿದ್ದರು. ನಾನು "ಇರಬಹುದು" ಎಂದೆ.

ಒಂದೇ ಮಾತು. ಅದಾದ ಮೇಲೆ ಅವನನ್ನು ಯಂತ್ರದ ಹತ್ತಿರ ತರುವುದೇ ಆಗಲಿಲ್ಲ. ಸಂಕ್ರಾಂತಿಯ ನಂತರ ಒಮ್ಮೆ, ಶಿವರಾತ್ರಿಯ ಹೊತ್ತಿಗೆ ಒಮ್ಮೆ, ಬೇಕೆಂದೇ ಗಿರಣಿಯ ಮುಂದೆ ಇಳಿದೆ. ಲಾರಿಯ ಹಲಗೆಯ ಮೇಲೆ ಚೀಲ ಹೊತ್ತು ಏರುತ್ತಿದ್ದವನು ಮೇಲಿನಿಂದಲೇ ಕೈ ಎತ್ತುತ್ತಿದ್ದ.

"ಕೆಮ್ಮು ಐತೇನ್ರಿ ಯಮನೂರಪ್ಪ?"

"ನಿಮಗ ಅದೊಂದ ಹುಚ್ಚು ನೋಡ್ರಿ. ಇಲ್ರಿ."

"ಗಂಗಾವತಿಗೆ ಬಂದಾಗ ಒಮ್ಮಿ ಬರ್ರಿ. ಇನ್ನೊಂದು ಫೋಟೋ ತಗಿಯೋಣ. ದೊಡ್ಡದು."

ಅವನು ಚೀಲ ಇಳಿಸಿ ಬಂದು ನನ್ನನ್ನು ಕರುಣೆಯಿಂದ ನೋಡಿದ. "ಬ್ಯಾಡ್ರಿ ಸರ. ವಲ್ಲಿಯಾಗಿಂದನ ಹಿಡಿಯೂ ಮಿಷಿನ್ ಅದು. ಈಗ ನನ್ನ ಮೈಯಾಗ ಏನೂ ಇಲ್ಲ. ಮತ್ತ ಹೋಗಿ ನಿಂತ್ರ ಹಿಂದ ನಿಂತವರದು ಯಾರದೋ ನನಗ ಹಚ್ಚೀತು. ಹುಲುಗನ ಖೋಲಿ ನೋಡ್ರಿ, ಬೀಗ ಬಿದ್ದೈತಿ."

ನಾನು ಹೇಳಿದ ಸುಳ್ಳನ್ನೇ ಅವನು ನನಗೆ ವಾಪಸ್ಸು ಕೊಟ್ಟಿದ್ದ. ಗಾಡಿಯ ಒಳಗೆ ಬಾಗಿಲು ಹಾಕಿಕೊಂಡರೆ ಸೆಕೆ, ಡಾರ್ಕ್ ರೂಮಿನಲ್ಲಿ ಆ ಹುಳಿ ವಾಸನೆ, ಹೊರಗೆ ಬಂದರೆ ಮೊಣಕಾಲುದ್ದ ನೀರು ನಿಂತ ಗದ್ದೆ. ಎಲ್ಲಿಗಾದರೂ ವರ್ಗ ಮಾಡಿಸಿಕೊಂಡು ಕುಷ್ಟಗಿ ಕಡೆಗೋ ಯಲಬುರ್ಗಾ ಕಡೆಗೋ ಓಡಿಹೋಗಬೇಕು ಎಂದು ಅರ್ಜಿ ಬರೆದು, ಹರಿದೆ. ಓಡಿಹೋದರೆ ಆ ಹನ್ನೊಂದನೇ ಪ್ಲೇಟಿನ ಅಂಚಿನ ವಿಷಯ ಗೊತ್ತಿದ್ದ ಒಬ್ಬನೂ ಇಲ್ಲಿ ಉಳಿಯುತ್ತಿರಲಿಲ್ಲ.

ಬೇಸಿಗೆಯ ಬೆಳೆ ಕೊಯ್ಯುವ ಹೊತ್ತಿಗೆ ಹುಲುಗಪ್ಪನ ಮೈಗೆ ಮಾಂಸ ಬಂದಿತ್ತು. ಔಷಧಕ್ಕೆ ತಪ್ಪದೆ ಗಂಗಾವತಿಗೆ ಬರುತ್ತಿದ್ದ. ಒಂದು ದಿನ ಗುಳಿಗೆ ಕಟ್ಟಿಸಿಕೊಂಡು ಹೊರಟವನು ಬಾಗಿಲಲ್ಲಿ ನಿಂತ.

"ಸರ, ಯಮನೂರಂದು ದನಿ ಬಿದ್ದೈತ್ರಿ. ಹದಿನೈದು ದಿನ ಆತು, ಪಿಸುಪಿಸು ಮಾತಾಡ್ತಾನ. ಭತ್ತದ ಧೂಳು ಅಂತಾನ. ಮೊನ್ನೆ ಒಂದು ಚೀಲ ಇಳಿಸಿ ಕುಂತಬಿಟ್ಟಿದ್ನಂತ. ಅಂವ ಕುಂತದ್ದು ನಾ ಯಾವತ್ತೂ ನೋಡಿಲ್ರಿ."

ಅವತ್ತು ಡಾಕ್ಟರರು ಬರುವ ದಿನ. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಎರಡೂ ಫಿಲ್ಮು, ಎರಡೂ ಕಾರ್ಡು ಅವರ ಮುಂದೆ ಇಟ್ಟು ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭೂತಗನ್ನಡಿ ಹಿಡಿದು ಹನ್ನೊಂದನ್ನು ನೋಡಿದರು, ಮೂವತ್ತೆಂಟನ್ನು ನೋಡಿದರು, ಮತ್ತೆ ಹನ್ನೊಂದನ್ನು ನೋಡಿದರು. ಆಮೇಲೆ ಯಮನೂರಪ್ಪನ ಕಾರ್ಡನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು. ನಲವತ್ತೆಂಟು ವರ್ಷ. ಕೆಮ್ಮು ಇಲ್ಲ, ಜ್ವರ ಇಲ್ಲ. ಹದಿನಾಲ್ಕನೇ ವರ್ಷದಿಂದ ಬೀಡಿ, ದಿನಕ್ಕೆ ಎರಡು ಕಟ್ಟು.

"ಈ ನೆರಳು ಈ ಕಾರ್ಡಿನ ಜೊತಿಗೆ ಬಂದಿದ್ರ," ಎಂದರು, "ನಾ ಬರೇ ಟಿಬಿ ಅಂತ ಸುಮ್ನಿರ್ತಿದ್ದಿಲ್ಲ, ಶರಣಪ್ಪ. ಇಂಥ ವಯಸ್ಸು, ಇಷ್ಟು ಬೀಡಿ, ಮ್ಯಾಲೆ ಒಂದೂ ತ್ರಾಸ ಇಲ್ಲ. ಕ್ಯಾನ್ಸರ್ ಇರಬಹುದು ಅಂತ ದೊಡ್ಡ ದವಾಖಾನಿಗೆ ಕಳಸ್ತಿದ್ದೆ. ಇಷ್ಟ ಇದ್ದಾಗ ಸಿಕ್ಕಿದ್ರ ಕೊಯ್ದು ತಗೀತಾರ. ಅದು ಇಷ್ಟ ಇದ್ದಾಗ ಸಿಗೂದ ಇಲ್ಲ, ಯಾಕಂದ್ರ ಆರಾಮ ಇದ್ದಾಂವ ಯಾರೂ ಫೋಟೋ ತಗಿಸಿಕೊಳ್ಳಾಕ ಬರಂಗಿಲ್ಲ. ಇಂವ ಬಂದಿದ್ದ. ಎರಡು ಸಲ ಬಂದಿದ್ದ."

ನಾನು ಅತ್ತೆ. ಅವರು ಅಳಲು ಬಿಟ್ಟು, ಆಮೇಲೆ ಹೇಳಿದರು. "ನಾ ನೋಡೂದು ಪ್ಲೇಟು. ಮನುಷ್ಯಾನ್ನ ನೋಡಿದಾಂವ ನೀನು. ಹೇಳಬೇಕಾದಾಂವ ನೀನ ಇದ್ದಿ. ನಾ ಮ್ಯಾಲೆ ಬರದ್ರ ನಿನ್ನ ನೌಕರಿ ಹೋಗತೈತಿ. ಹೋದ್ರ ಅವಂಗೇನು ಬಂತು? ಹೋಗು, ಕರಕೊಂಡು ಬಾ. ಇನ್ನ ಮುಂದ ಒಂದು ಕಾಗದಾನೂ ಸುಳ್ಳು ಹೇಳಬಾರದು."

ಕರೆದುಕೊಂಡು ಬಂದೆ. ಈ ಸಲ ಅವನು ಬರಲು ಒಪ್ಪಿದ್ದು ದುರುಗಮ್ಮನ ಅಳುವಿಗೆ. ದೊಡ್ಡ ಪ್ಲೇಟಿನಲ್ಲಿ ಹುಣಸೆ ಬೀಜ ಬೆಟ್ಟದ ನೆಲ್ಲಿಯಷ್ಟಾಗಿತ್ತು. ಮರುದಿನ ಹುಬ್ಬಳ್ಳಿಯ ಬಸ್ಸಿನಲ್ಲಿ ನಾನೇ ಅವನ ಪಕ್ಕ ಕುಳಿತೆ. ಹಿಂದಿನ ಸೀಟಿನಲ್ಲಿ ದುರುಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು. ಕೊಪ್ಪಳ ದಾಟಿದ ಮೇಲೆ ಎಲ್ಲವನ್ನೂ ಹೇಳಿದೆ. ವಲ್ಲಿಯ ವಿಷಯವನ್ನೂ ಬಿಡದೆ ಹೇಳಿದೆ.

ಅವನು ಕಿವಿಯ ಮೇಲಿನ ಬೀಡಿ ತೆಗೆದು, ಹಚ್ಚದೆ ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಆ ಬಿದ್ದ ದನಿಯಲ್ಲಿ ಕೇಳಿದ. "ಹುಲುಗನ ಬದಲಿ ನಿಲ್ಲದಿದ್ರ ಇದು ಕಾಣಸ್ತಿದ್ದಿಲ್ಲಾ?"

"ಇಲ್ಲ."

"ಅಂದ್ರ ನಿಂತದ್ದು ಛಲೋ ಆಗಿತ್ತು."

"ಹೌದು."

"ಸುಗ್ಗಿಯಿಂದ ನಿಮ್ಮ ಹತ್ರನ ಇತ್ತೇನ್ರಿ ಅದು?"

ಗದಗಿನಲ್ಲಿ ಬಸ್ಸು ನಿಂತಾಗ ಅವನೇ ಇಳಿದು ಮೂರು ಚಹಾ ಹಿಡಿದುಕೊಂಡು ಬಂದ, ಒಂದನ್ನು ನನ್ನ ಕೈಗೆ ಕೊಟ್ಟ. ಆ ಚಹಾ ಕುಡಿದಷ್ಟು ಕಷ್ಟಪಟ್ಟು ನಾನು ಬೇರೆ ಏನನ್ನೂ ಕುಡಿದಿಲ್ಲ.

ಹುಬ್ಬಳ್ಳಿಯ ದೊಡ್ಡ ಡಾಕ್ಟರರು ನೋಡಿ, ಅದು ಕ್ಯಾನ್ಸರೇ, ಎದೆಯ ನಡುವಿನ ಗಂಟುಗಳಿಗೂ ಹಬ್ಬಿದೆ, ದನಿಯ ನರ ಹಿಡಿದಿದೆ, ಇನ್ನು ಕೊಯ್ದು ಉಪಯೋಗವಿಲ್ಲ ಎಂದರು. ವಾಪಸ್ಸು ಬಂದೆವು.

ಅದು ಅಂಟುರೋಗವಲ್ಲ, ಹಾಗಾಗಿ ಗಿರಣಿಗೆ ತಿಳಿಸುವ ಅಗತ್ಯವಿಲ್ಲ ಎಂದು ಡಾಕ್ಟರರು ಸುಮ್ಮನಾದರು. ತಂಡದವರು ಯಮನೂರಪ್ಪನ ಪಾಲಿನ ಚೀಲಗಳನ್ನು ತಾವೇ ಹೊತ್ತರು. ಪುಸ್ತಕದಲ್ಲಿ ಅವನ ಹೆಸರು ಹಾಗೇ ಉಳಿಯಿತು, ಖೋಲಿಯೂ ಉಳಿಯಿತು. ಮಳೆಗಾಲ ಕಳೆಯುವುದರೊಳಗೆ ಗಾಡಿ ವಾಲಿಸುತ್ತಿದ್ದ ಮೈ ಹಾಸಿಗೆಯ ಮೇಲೆ ಇದೆಯೋ ಇಲ್ಲವೋ ಎನ್ನುವಂತಾಯಿತು. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ನೋವಿನ ಗುಳಿಗೆ ಕೊಟ್ಟು, ಎರಡು ನಿಮಿಷ ಕುಳಿತು ಬರುತ್ತಿದ್ದೆ. ಅವನು ನನಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಲಿಲ್ಲ. ದುರುಗಮ್ಮನಿಗೆ ಅವನು ಹೇಳಿದ್ದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅವಳು ಪ್ರತಿ ಸಲವೂ "ಭಾಳ ಮಾಡೀರಿ ಸರ ನಮಗ" ಎಂದು ಕೈ ಮುಗಿಯುತ್ತಿದ್ದಳು, ನಾನು ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದೆ.

ಮತ್ತೆ ಚಳಿಗಾಲ ಬಂತು, ಸುಗ್ಗಿ ಬಂತು. ಸಾವ್ಕಾರರು ಈ ವರ್ಷವೂ ಗಾಡಿ ಕರೆಸಿದರು. ಹೋದ ವರ್ಷ ಒಬ್ಬ ಸಿಕ್ಕಿದ್ದನಲ್ಲ, ಹಾಗಾಗಿ ಈ ಸಲ ಪುಸ್ತಕದಲ್ಲಿರುವ ಒಂದೊಂದು ಹೆಸರಿಗೂ ಫೋಟೋ ಆಗಲೇಬೇಕು, ಆಗದ ಹೆಸರು ತೆಗೆಯುತ್ತೇವೆ ಎಂದು ಹೇಳಿ ಕಳಿಸಿದ್ದರು. ಗಾಡಿಯನ್ನು ಖೋಲಿಗಳ ಸಾಲಿಗೆ ಆನಿಸಿದ ಹಾಗೆ ನಿಲ್ಲಿಸಿದೆವು. ಬೆಳಿಗ್ಗೆ ಹುಲುಗಪ್ಪ ಬಂದು ತನ್ನ ಫೋಟೋ ತೆಗೆಸಿಕೊಂಡು ಹೋದ. ಆರಾಮಾಗಿದೆ ಎಂಬ ಕಾಗದ ಸಿಕ್ಕು, ಅವನು ತಂಡಕ್ಕೆ ವಾಪಸ್ಸು ಸೇರಿದ್ದ.

ಮಧ್ಯಾಹ್ನ ಮತ್ತೆ ಬಂದ. ತಲೆಯ ಮೇಲೆ ವಲ್ಲಿ. ಅದು ಯಮನೂರಪ್ಪನದು, ಅದರ ಅಂಚು ನನಗೆ ಗೊತ್ತು. ಚೀಟಿಯನ್ನು ಮೇಜಿನ ಮೇಲಿಟ್ಟು ನೆಲ ನೋಡುತ್ತ ನಿಂತ. ಚೀಟಿಯ ಮೇಲೆ ಯಮನೂರಪ್ಪ ಎಂದಿತ್ತು.

"ಈ ಸಲ ನಾ ನಿಲ್ತೀನ್ರಿ," ಎಂದ. "ನನ್ನ ಎದಿ ಈಗ ಛಲೋ ಐತೆಲ್ರಿ."

ಕಾರ್ಡು ತೆಗೆದುಕೊಂಡೆ. ನಲವತ್ತೊಂಬತ್ತು ವರ್ಷ. ಕೆಮ್ಮು ಇಲ್ಲ. ಬೀಡಿ ಎಷ್ಟು ಎಂದು ಕೇಳಲಿಲ್ಲ, ಎರಡು ಕಟ್ಟು ಎಂದು ನಾನೇ ಬರೆದೆ. ಅದೊಂದಾದರೂ ಅವನದೇ ಇರಲಿ ಎನಿಸಿತು.

"ಗದ್ದ ಇಲ್ಲಿಡ್ರಿ. ಭುಜ ಮುಂದ ಮಾಡ್ರಿ. ಉಸಿರು ಎಳೀರಿ. ಹಿಡೀರಿ."

ಆ ಕ್ಷಣದಲ್ಲಿ ಜನರೇಟರಿನ ಸದ್ದನ್ನೂ ದಾಟಿ, ತಗಡಿನ ಆಚೆಯಿಂದ ಕೆಮ್ಮು ಕೇಳಿಸಿತು. ಯಮನೂರಪ್ಪನ ಕೆಮ್ಮು. ನಿಲ್ಲಲಿಲ್ಲ, ಮತ್ತೆ ಬಂತು. ಹುಲುಗಪ್ಪ ಹಲಗೆಗೆ ಎದೆ ಒತ್ತಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಲುಗದೆ ನಿಂತಿದ್ದ. ಗುಂಡಿ ಒತ್ತಿದೆ. "ಬಿಡ್ರಿ" ಎಂದೆ. ಈ ಸಲ ಮರೆಯಲಿಲ್ಲ.

ವಾರದ ಕೊನೆಗೆ ಡಾಕ್ಟರರು ಫಿಲ್ಮುಗಳನ್ನು ಒಂದೊಂದೇ ಓದುತ್ತ ಬಂದರು, ನಾನು ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದೆ. ಆ ಫಿಲ್ಮು ಬಂತು. ಮೇಲ್ಭಾಗದಲ್ಲಿ ಟಿಬಿ ಮಾಗಿದ ಸಣ್ಣ ಗೆರೆ. ಕೊರಳೆಲುಬು ಕಡ್ಡಿಯ ಹಾಗೆ ನೆಟ್ಟಗಿದೆ, ಗಂಟಿಲ್ಲ.

"ಹೆಸರು?"

"ಯಮನೂರಪ್ಪ, ಸರ್."

ಭೂತಗನ್ನಡಿ ಕೆಳಗಿಳಿಯಿತು. ಅವರು ನನ್ನನ್ನು ನೋಡಲಿಲ್ಲ. ಎದುರಿನ ಗೋಡೆ ನೋಡಿದರು, ಕೈಯಲ್ಲಿನ ಫಿಲ್ಮು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಎದಿ ಸ್ವಚ್ಛ ಐತಿ," ಎಂದರು. "ಬರ್ಕೋ."

ಬರೆದೆ. ಯಮನೂರಪ್ಪ ಅದೇ ಖೋಲಿಯಲ್ಲಿ, ತನ್ನ ಹಾಸಿಗೆಯ ಮೇಲೆ, ಸಂಕ್ರಾಂತಿಯ ಹಿಂದಿನ ದಿನ ಹೋದ.